ನೊಗಕ್ಕೆ ಬಾರದ ಕಾಡುಕೋಣ

ಯೋಬನಿಗೆ 500 ಜೋಡಿ ಎತ್ತುಗಳಿದ್ದವು. ಬೈಬಲಿನ ಯೋಬನ ಗ್ರಂಥ ತೆರೆದ ಕೂಡಲೇ ಅವನ ಆಸ್ತಿಯ ಲೆಕ್ಕ ಸಿಗುತ್ತದೆ: 7,000 ಕುರಿ, 3,000 ಒಂಟೆ, 500 ಜೋಡಿ ಎತ್ತು, 500 ಹೆಣ್ಣುಕತ್ತೆ. ಪಟ್ಟಣದ ಚರ್ಚುಗಳಲ್ಲಿ ಈ ಸಾಲು ಯಾರ ಕಿವಿಗೂ ತಾಗದೆ ಹೋದೀತು. ಸವದತ್ತಿ ಸೀಮೆಯ ಎರೆಹೊಲದ ಜನ ಹಾಗೆ ಬಿಡುವವರಲ್ಲ. ಒಂದು ಜೋಡಿ ಒಳ್ಳೆಯ ಎತ್ತು ಇದ್ದರೆ ಆ ಮನೆಗೆ ಹೆಣ್ಣು ಕೊಡಲು ಜನ ತಾವಾಗಿ ಬರುತ್ತಿದ್ದ ಕಾಲದಲ್ಲಿ, ಉಪದೇಶಿಗಳು ಈ ಭಾಗ ಓದುತ್ತಿದ್ದಾಗ ಚಚಡಿಯ ಮುದುಕನೊಬ್ಬ ಕೂತಲ್ಲಿಂದಲೇ ಕೇಳಿದ್ದನಂತೆ: “ಐನೂರ ಜೋಡಿಗೆ ಕಣಿಕಿ ಎಲ್ಲಿಂದ ತರತಿದ್ನರೀ?”

ಆ ಮುದುಕನ ಮೊಮ್ಮಗ ಮುಂದೆ ಪ್ರೌಢಶಾಲೆಯ ವಿಜ್ಞಾನ ಮಾಸ್ತರರಾದರು. ಈಗ ನಿವೃತ್ತರು. ಹೆಸರು ಹಾಕುವುದು ಬೇಡ ಎಂದಿದ್ದಾರೆ. ಊರಲ್ಲಿ ಎಲ್ಲರೂ ‘ಮಾಸ್ತರ’ ಎನ್ನುವುದರಿಂದ ಇಲ್ಲಿಯೂ ಅಷ್ಟೇ ಸಾಕು. ದೇವರ ವಿಷಯ ಮಾತಾಡುವಾಗ ಅವರು ಶಿಲುಬೆಯಿಂದ ಶುರು ಮಾಡುವುದಿಲ್ಲ. ಮಣ್ಣಿನಿಂದ ಶುರು ಮಾಡುತ್ತಾರೆ.

ಈ ಸೀಮೆಗೆ ಕ್ರಿಸ್ತನ ಸುದ್ದಿ ಎರಡು ದಿಕ್ಕಿನಿಂದ ಬಂತು. 1820ರಲ್ಲಿ ಲಂಡನ್ ಮಿಶನ್ನಿನ ಜೋಸೆಫ್ ಟೇಲರ್ ಬೆಳಗಾವಿಯಲ್ಲಿ ಕೆಲಸ ಹೂಡಿದರು. 1837ರಲ್ಲಿ ಬಾಸೆಲ್ ಮಿಶನ್ನಿನವರು ಧಾರವಾಡದಲ್ಲಿ ನೆಲೆ ನಿಂತರು. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಲಂಡನ್ ಮಿಶನ್ ಬೆಳಗಾವಿಯ ಕೆಲಸವನ್ನು ಮೆಥೊಡಿಸ್ಟರ ಕೈಗೆ ಒಪ್ಪಿಸಿತು. ಬೈಲಹೊಂಗಲದ ಸುತ್ತಿನ ಹಳ್ಳಿಗಳಿಗೆ ಅವರ ಉಪದೇಶಿಗಳು ಕಾಲ್ನಡಿಗೆಯಲ್ಲಿ ಬರತೊಡಗಿದರು. ಅವರ ಮಾತಿಗೆ ಮೊದಲು ಕಿವಿಗೊಟ್ಟದ್ದು ದೇಸಾಯರ ವಾಡೆಯಲ್ಲ, ಊರ ಹೊರಗಿನ ಕೇರಿ.

ಆ ಕೇರಿಗೆ ತಲೆತಲಾಂತರದಿಂದ ಒಂದು ಲೆಕ್ಕ ಒಪ್ಪಿಸಲಾಗಿತ್ತು. ಹಿಂದಿನ ಜನ್ಮದಲ್ಲಿ ಏನೋ ಮಾಡಿದ್ದೀರಿ, ಅದಕ್ಕೇ ಇಲ್ಲಿ ಹುಟ್ಟಿದ್ದೀರಿ. ಊರ ಬಾವಿಯ ಹಗ್ಗ ಮುಟ್ಟಬಾರದು, ಮುಟ್ಟಿದರೆ ಅದೂ ಪಾಪದ ಖಾತೆಗೆ. ದೀಕ್ಷಾಸ್ನಾನಕ್ಕೆ ಮುಂಚೆ ಬಾಯಿಪಾಠ ಮಾಡಬೇಕಿದ್ದ ವಿಶ್ವಾಸಪ್ರಮಾಣ ಮಾತ್ರ ಬೇರೆ ಕಡೆಯಿಂದ ಆರಂಭವಾಗುತ್ತಿತ್ತು. ಅದರಲ್ಲಿ ಯೇಸುವಿನ ಹೆಸರು ಬರುವುದು ಎರಡನೆಯ ಮಾತಿಗೆ. ಮೊದಲನೆಯದು ಆಕಾಶ ಭೂಮಿ ಮಾಡಿದವನ ಮಾತು. ಓದು ಬರದ ಹಿರಿಯರು ಆ ಮೊದಲ ಮಾತನ್ನು ಗಟ್ಟಿಯಾಗಿ, ಉಳಿದದ್ದನ್ನು ಸ್ವಲ್ಪ ಗುನುಗುಟ್ಟುತ್ತ ಹೇಳುತ್ತಿದ್ದರಂತೆ. ಮಾಸ್ತರರು ಇದನ್ನು ನಗುತ್ತಲೇ ಹೇಳುತ್ತಾರೆ, ಆದರೆ ಅವರ ಅಜ್ಜಂದಿರಿಗೆ ಏನು ಬೇಕಿತ್ತು ಎಂಬುದು ಅದರಲ್ಲೇ ಇದೆ. ನೀವು ಹುಟ್ಟಿದ್ದು ಶಿಕ್ಷೆಯಾಗಿ ಅಲ್ಲ. ಒಬ್ಬನು ಬೇಕೆಂದು ಮಾಡಿದ. ಹೀಗೆ ಹೇಳುವವರು ಅಲ್ಲಿಯ ತನಕ ಆ ಕೇರಿಗೆ ಹೆಚ್ಚು ಬಂದಿರಲಿಲ್ಲ. (ಸರ್ಕಾರದ ಲೆಕ್ಕ ಬೇರೆಯದೇ ಆಯಿತು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದವರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿ ಬರುವುದಿಲ್ಲ. ಕೇರಿ ಇದ್ದಲ್ಲೇ ಇತ್ತು, ಸರ್ಟಿಫಿಕೇಟು ಬದಲಾಯಿತು.)

ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಊರ ಹುಡುಗರೆಲ್ಲ ಎರೆಮಣ್ಣು ಕಲಸಿ ಎತ್ತು ಮಾಡುವವರೇ. ಕ್ರೈಸ್ತರ ಮನೆಯಲ್ಲಿ ಅದಕ್ಕೆ ಪೂಜೆ ಇಲ್ಲ, ಆದರೆ ಹುಡುಗರ ಕೈ ಸುಮ್ಮನಿರಬೇಕಲ್ಲ. ಮಾಸ್ತರರು ಎಂಟೊಂಬತ್ತು ವರ್ಷದ ಹುಡುಗನಾಗಿದ್ದಾಗ ಮಾಡಿದ ಎತ್ತು ಒಣಗುವಷ್ಟರಲ್ಲಿ ಬೆನ್ನಿನ ಮೇಲೆ ಸೀಳಿಬಿಟ್ಟಿತು. ಎರೆಮಣ್ಣಿನ ಗುಣವೇ ಅದು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿನಲ್ಲಿ ಮಕ್ಕಳ ಕೈ ಮೊಣಕೈ ತನಕ ಇಳಿಯುತ್ತದೆ. ಅಳುತ್ತ ಬಂದ ಹುಡುಗನಿಗೆ ಅಜ್ಜಿ ಆದಿಕಾಂಡದ ಕಥೆ ಹೇಳಿದಳು, ತನ್ನದೇ ರೀತಿಯಲ್ಲಿ.

“ದೇವರೂ ಹಿಂಗ ಮಣ್ಣ ಕಲಿಸೇ ಮಾಡ್ಯಾನಪಾ ನಮ್ಮನ್ನ. ಮಾಡಿ, ಮೂಗಿನ್ಯಾಗ ಉಸುರ ಊದ್ಯಾನ.”

“ದೇಸಾಯರನ್ನ?”

“ಅವರನ್ನೂ ಇದ ಮಣ್ಣಾಗ. ಬ್ಯಾರೆ ಮಣ್ಣ ಎಲ್ಲಿ ಐತಿ?”

1972ರಲ್ಲಿ ಮಳೆ ಕೈಕೊಟ್ಟಿತು. ಬಡಗಣ ಕರ್ನಾಟಕವೂ ಪಕ್ಕದ ಮಹಾರಾಷ್ಟ್ರವೂ ಆ ವರ್ಷ ಮತ್ತು ಮರುವರ್ಷ ಕಂಡ ಬರವನ್ನು ಆ ತಲೆಮಾರಿನವರು ಇವತ್ತಿಗೂ ಇಸವಿ ಹೇಳಿಯೇ ಗುರುತಿಸುತ್ತಾರೆ. ಹಿಂಗಾರಿ ಜೋಳ ಬಿತ್ತಲು ನೆಲದಲ್ಲಿ ಹಸಿ ಇರಲಿಲ್ಲ. ಜನ ಬರಗಾಲದ ಕಾಮಗಾರಿಗೆ ಹೋಗಿ ಜಲ್ಲಿ ಒಡೆದರು, ಕೆರೆ ತೋಡಿದರು. ರೊಟ್ಟಿ ಬಡಿಯಲು ಬಾರದ ಕೆಂಪು ಜೋಳ ಪಡಿತರದಲ್ಲಿ ಬಂತು. ಎತ್ತುಗಳನ್ನು ಸಂತೆಗೆ ಹೊಡೆದುಕೊಂಡು ಹೋದವರು ಬರಿಗೈಯಲ್ಲಿ ಹಗ್ಗ ಸುತ್ತಿಕೊಂಡು ಮರಳಿದರು. ವಿಚಿತ್ರವೆಂದರೆ ಅದೇ ಕಾಲದಲ್ಲಿ ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು ಮುಗಿಯುವ ಹಂತದಲ್ಲಿತ್ತು. ಎರಡು ಗುಡ್ಡಗಳ ನಡುವೆ ನದಿ ತಾನೇ ಕೊರೆದ ಕಿರುದಾರಿಗೆ ಮನುಷ್ಯರು ಅಡ್ಡಗೋಡೆ ಎಬ್ಬಿಸಿದ್ದರು. ಗೋಡೆ ಇತ್ತು, ನೀರಿರಲಿಲ್ಲ.

ಊರಲ್ಲಿ ಮಳೆಗಾಗಿ ಗುರ್ಜಿ ಆಡಿದರು. ರೊಟ್ಟಿ ಹಂಚಿನ ಮೇಲೆ ಸಗಣಿಯ ಗುರ್ಜಿ ಹೊತ್ತ ಹುಡುಗನ ತಲೆಗೆ ಮನೆಮನೆಯಲ್ಲೂ ನೀರು ಸುರಿದರು. ಚರ್ಚಿನವರು ಉಪವಾಸ ಪ್ರಾರ್ಥನೆ ಇಟ್ಟರು. ಎರಡೂ ಕಡೆ ಮಾತು ಬಂದು ನಿಂತದ್ದು ಒಂದೇ ಪ್ರಶ್ನೆಗೆ: ಇದು ಯಾರ ಪಾಪ? ಕಟ್ಟೆಯ ಮೇಲೆ ಒಬ್ಬೊಬ್ಬರ ಹೆಸರು ಬರತೊಡಗಿತು. ಓಡಿಹೋದ ಹುಡುಗಿ, ಬಡ್ಡಿ ತಿಂದವನು, ಗುಡಿಯ ಜಾಗ ಒತ್ತಿದವನು. ‘ಮತ ಬಿಟ್ಟ ಕೇರಿಯವರು’ ಎಂಬ ಮಾತೂ ಬಂತು. ಚರ್ಚಿನೊಳಗೂ ಪ್ರಸಂಗಿಯೊಬ್ಬರು ನಿಮ್ಮ ಕಾಣಿಕೆ ಕಡಿಮೆಯಾದದ್ದೇ ಕಾರಣ ಎಂದುಬಿಟ್ಟರು. ಎಲ್ಲರೂ ದೇವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಕ್ಕದ ಮನೆಯವರ ಲೆಕ್ಕ ಬರೆಯುತ್ತಿದ್ದರು.

ಆ ದಿನಗಳಲ್ಲಿ ಅಜ್ಜ ಯೋಬನ ಗ್ರಂಥದ ಕೊನೆಯ ಭಾಗವನ್ನು ಮೊಮ್ಮಗನಿಂದ ಮತ್ತೆ ಮತ್ತೆ ಓದಿಸುತ್ತಿದ್ದ. ತನಗೆ ಓದಲು ಬಾರದು. ಹುಡುಗ ಐದನೆಯ ಇಯತ್ತೆ. 38ನೆಯ ಅಧ್ಯಾಯದಿಂದ ಮುಂದೆ ದೇವರು ಬಿರುಗಾಳಿಯೊಳಗಿಂದ ಮಾತಾಡುತ್ತಾನೆ. ಅದಕ್ಕೆ ಮುಂಚೆ ಯೋಬನ ಗೆಳೆಯರು ಅನೇಕ ಅಧ್ಯಾಯಗಳ ಉದ್ದಕ್ಕೂ ಅವನ ಜೊತೆ ವಾದ ಮಾಡಿರುತ್ತಾರೆ, ನೀನೇನೋ ಪಾಪ ಮಾಡಿದ್ದೀ, ಒಪ್ಪಿಕೋ ಎಂದು. ದೇವರು ಬಂದವನು ಪಾಪದ ಸುದ್ದಿಯನ್ನೇ ಎತ್ತುವುದಿಲ್ಲ. ಭೂಮಿಗೆ ಅಡಿಪಾಯ ಹಾಕಿದಾಗ ನೀನೆಲ್ಲಿದ್ದೆ ಎಂದು ಕೇಳುತ್ತಾನೆ. ಹಿಮದ ಉಗ್ರಾಣ, ನಕ್ಷತ್ರಗಳ ಗೊಂಚಲು, ಕಾಗೆಯ ಮರಿ, ಹದ್ದಿನ ಗೂಡು ತೋರಿಸುತ್ತಾನೆ. ಮನುಷ್ಯನೇ ಇಲ್ಲದ ಮರಳುಗಾಡಿನಲ್ಲೂ ಮಳೆ ಸುರಿಸುತ್ತೇನೆ ಎನ್ನುತ್ತಾನೆ.

ಅಜ್ಜ ಓದು ನಿಲ್ಲಿಸಿ ಆ ಒಂದು ಮಾತನ್ನು ಇನ್ನೊಮ್ಮೆ ಓದಿಸುತ್ತಿದ್ದ. ಯಾರೂ ಇಲ್ಲದ ಕಡೆ ಮಳೆ ಬೀಳುತ್ತದೆ ಎಂದ ಮೇಲೆ ಅದು ಯಾರ ಪುಣ್ಯಕ್ಕೆ ಬಿತ್ತು? ಮಳೆ ಬೀಳುವುದು ಪುಣ್ಯದ ಕೂಲಿಯಲ್ಲವಾದರೆ, ಬೀಳದಿರುವುದು ಪಾಪದ ದಂಡ ಹೇಗಾದೀತು? ಮುದುಕ ಇದನ್ನು ಇಷ್ಟು ಬಿಡಿಸಿ ಹೇಳಿರಲಿಕ್ಕಿಲ್ಲ. “ಹಂಗಾರ ನಮ್ಮ ತಪ್ಪಲ್ಲ ಬಿಡು” ಎಂದು ಎದ್ದು ಜಲ್ಲಿ ಒಡೆಯಲು ಹೋಗುತ್ತಿದ್ದ. ಹೊಟ್ಟೆ ತುಂಬಿಸದ ಈ ತಿಳಿವಳಿಕೆ ಬೆನ್ನು ನೆಟ್ಟಗಾಗಿಸಿತ್ತು ಎಂದು ಮೊಮ್ಮಗನ ನೆನಪು.

ಮಳೆ ಮರಳಿ ಬಂದ ವರ್ಷದ ಸುಗ್ಗಿ ಹಬ್ಬ ಮಾತ್ರ ಗದ್ದಲವೋ ಗದ್ದಲ. ಈ ಭಾಗದ ಪ್ರೊಟೆಸ್ಟಂಟ್ ಚರ್ಚುಗಳಲ್ಲಿ ಕ್ರಿಸ್ಮಸ್ಸಿಗೆ ಸರಿಸಮನಾಗಿ ನಿಲ್ಲುವ ಹಬ್ಬವಿದ್ದರೆ ಅದು ಇದೇ. ರೈತರು ಬೆಳೆದದ್ದರಲ್ಲಿ ಮೊದಲ ಪಾಲು ತಂದು ವೇದಿಕೆಯ ಮುಂದೆ ಒಟ್ಟುತ್ತಾರೆ: ಜೋಳದ ತೆನೆ, ಕಡಲೆ, ಕುಸುಬಿ, ಹತ್ತಿಯ ಮೂಟೆ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ. ಹೊಲವಿಲ್ಲದವರು ತತ್ತಿ ತರುತ್ತಾರೆ, ರೊಟ್ಟಿ ಬಡಿದು ತರುತ್ತಾರೆ. ಆರಾಧನೆ ಮುಗಿದ ಮೇಲೆ ಲಿಲಾವು. ಒಂದು ನಿಂಬೆಹಣ್ಣಿಗೆ ಇಬ್ಬರು ಬೀಗರು ಹಟಕ್ಕೆ ಬಿದ್ದು ಬೆಲೆ ಏರಿಸುತ್ತಾರೆ; ಗೆದ್ದವನು ದುಡ್ಡು ಕೊಟ್ಟು ನಿಂಬೆಹಣ್ಣನ್ನು ಮತ್ತೆ ಲಿಲಾವಿಗೇ ಬಿಡುತ್ತಾನೆ. ಕೋಳಿ ನಡುವೆ ಹಗ್ಗ ಬಿಚ್ಚಿಕೊಂಡು ಓಡದಿದ್ದರೆ ಹಬ್ಬವೇ ಆಗಲಿಲ್ಲ ಎನ್ನಬೇಕು. ಅಂಥ ಒಂದು ಹಬ್ಬದಲ್ಲಿ ಸಭಾಪಾಲಕರು ಯೋಬನ 39ನೆಯ ಅಧ್ಯಾಯವನ್ನು ಪಾಠಕ್ಕೆ ಆರಿಸಿಕೊಂಡಿದ್ದರು. ದೇವರು ಅಲ್ಲಿ ಯೋಬನಿಗೆ ಕಾಡುಕೋಣ ತೋರಿಸಿ, ಇದು ನಿನ್ನ ಗೋದಲಿಯಲ್ಲಿ ರಾತ್ರಿ ಕಳೆದೀತೇ, ನಿನ್ನ ಹಿಂದೆ ಹೊಲ ಹರಗೀತೇ ಎಂದು ಕೇಳುತ್ತಾನೆ. ಗಂಡಸರ ಸಾಲಿನಿಂದ ಒಬ್ಬ ರೈತ ಎದ್ದೇ ಬಿಟ್ಟ: “ಅಂಥಾದ್ದೊಂದು ನಮ್ಮ ಮನ್ಯಾಗೂ ಐತ್ರಿ.” ಎತ್ತಿನ ಮಾತೋ ಮತ್ತೊಂದೋ ಗೊತ್ತಾಗಲಿಲ್ಲ. ಹೆಂಗಸರ ಸಾಲಿನಲ್ಲಿ ನಗೆ ಬಹಳ ಹೊತ್ತು ನಿಲ್ಲಲಿಲ್ಲ.

ಆ ಸಭಾಪಾಲಕರು ನಗುತ್ತಲೇ ಹೇಳಿದ್ದು ಮಾಸ್ತರರ ತಲೆಯಲ್ಲಿ ಕೂತಿತು. ಮನುಷ್ಯನ ಕೆಲಸಕ್ಕೆ ಬಾರದ ಪ್ರಾಣಿಯನ್ನೂ ದೇವರು ಹೆಮ್ಮೆಯಿಂದ ತೋರಿಸುತ್ತಾನೆ. ಕೆಲಸಕ್ಕೆ ಬಂದರಷ್ಟೇ ಬೆಲೆ ಎಂಬುದು ನಮ್ಮ ಸಂತೆಯ ಲೆಕ್ಕ, ಅವನದಲ್ಲ.

ಓದಲು ಧಾರವಾಡಕ್ಕೆ ಹೋದಾಗ ಅವರ ಕೈಗೆ ಸಿಕ್ಕದ್ದು ಸರ್ವಜ್ಞ. ಕೊಟ್ಟವರು ಒಬ್ಬ ಪಾದ್ರಿ, ಪುಸ್ತಕದ ಮೂಲಕ. ರೆವರೆಂಡ್ ಉತ್ತಂಗಿ ಚನ್ನಪ್ಪ 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಶನ್ನಿನಲ್ಲಿ ಬೆಳೆದು, ಹುಬ್ಬಳ್ಳಿ ಮೊದಲಾದ ಕಡೆ ಸೇವೆ ಮಾಡಿದವರು. ಊರೂರು ತಿರುಗುವ ಉಪದೇಶಿಯ ಕೆಲಸದ ನಡುವೆ ಅವರು ಜನರ ಬಾಯಲ್ಲಿದ್ದ, ಓಲೆಗರಿಗಳಲ್ಲಿ ಚದುರಿದ್ದ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದರು. ಆಮೇಲೆ ಶರಣರ ವಚನಗಳ ಕಡೆ ಹೊರಳಿದರು. ಅನುಭವ ಮಂಟಪದ ಐತಿಹಾಸಿಕತೆಯನ್ನು ಎತ್ತಿಹಿಡಿದು ಪುಸ್ತಕ ಬರೆದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ‘ತಿರುಳ್ಗನ್ನಡದ ತಿರುಕ’ ಎಂದು ನಾಡು ಕರೆದದ್ದು ಈ ಪಾದ್ರಿಯನ್ನೇ. 1962ರಲ್ಲಿ ತೀರಿಕೊಂಡರು.

ಕ್ರೈಸ್ತ ಪಾದ್ರಿಗೆ ಸರ್ವಜ್ಞನ ಉಸಾಬರಿ ಯಾಕೆ ಎಂದು ಆಗ ಕೇಳಿದವರಿದ್ದರು, ಈಗಲೂ ಇದ್ದಾರೆ. ಮಾಸ್ತರರಿಗೆ ಉತ್ತರ ಒಂದು ತ್ರಿಪದಿಯಲ್ಲೇ ಸಿಕ್ಕಿತು. ನಡೆಯುವ ನೆಲ, ಕುಡಿಯುವ ನೀರು, ಉರಿಯುವ ಬೆಂಕಿ ಎಲ್ಲರಿಗೂ ಒಂದೇ ಆಗಿರುವಾಗ ನಡುವೆ ಕುಲಗೋತ್ರ ಎಲ್ಲಿಂದ ಬಂತು ಎಂದು ಸರ್ವಜ್ಞ ಕೇಳುವ ಆ ಪ್ರಸಿದ್ಧ ತ್ರಿಪದಿ. ಅಜ್ಜಿ ಮುರಿದ ಮಣ್ಣೆತ್ತು ಹಿಡಿದು ಹೇಳಿದ್ದೂ ಅದನ್ನೇ. ದಂತಕಥೆ ಸರ್ವಜ್ಞನ ತಾಯಿಯನ್ನು ಕುಂಬಾರಗಿತ್ತಿ ಎನ್ನುತ್ತದೆ; ಪ್ರವಾದಿ ಯೆರೆಮೀಯನಿಗೆ ದೇವರು ಪಾಠ ಹೇಳಲು ಕಳಿಸಿದ್ದೂ ಕುಂಬಾರನ ಮನೆಗೇ. ಸೃಷ್ಟಿಕರ್ತನನ್ನು ನಂಬಿದವನು ಅವನ ಕೆಲಸವನ್ನು ಮಿಶನ್ ಕಂಪೌಂಡಿನ ಗೋಡೆಯೊಳಗೆ ಮಾತ್ರ ಹುಡುಕಲಾರ. ಉತ್ತಂಗಿಯವರು ಓಲೆಗರಿ ಹುಡುಕಿಕೊಂಡು ಹೊರಟದ್ದು ಅದೇ ನಂಬಿಕೆಯ ದಾರಿಯಲ್ಲಿ ಎಂಬುದು ಮಾಸ್ತರರ ಅನಿಸಿಕೆ. ವಿದ್ವಾಂಸರು ಬೇರೆ ಕಾರಣ ಹೇಳಬಹುದು, ಹೇಳಲಿ.

ಕ್ಲಾಸಿನಲ್ಲಿ ವಿಶ್ವದ ಹುಟ್ಟಿನ ಪಾಠ ಬಂದಾಗ ಹುಡುಗರು ಕೇಳದೆ ಬಿಡುತ್ತಿರಲಿಲ್ಲ: “ಸರ, ನೀವು ಚರ್ಚಿಗೆ ಹೋಗ್ತೀರಿ. ಮಹಾಸ್ಫೋಟ ಖರೇನೋ, ಬೈಬಲ್ ಖರೇನೋ?” ಅವರು ಜಾರ್ಜ್ ಲೆಮೇತ್ರ್ ಹೆಸರು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಬೆಲ್ಜಿಯಮ್ಮಿನ ಈ ಕಥೋಲಿಕ ಪಾದ್ರಿ ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಗಣಿತದಿಂದ ತೋರಿಸಿದವನು; 1931ರಲ್ಲಿ ಎಲ್ಲವೂ ಒಂದು ಆದಿಕಣದಿಂದ ಶುರುವಾಗಿರಬಹುದು ಎಂದವನು. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಈ ವಿಜ್ಞಾನವನ್ನು ಸೃಷ್ಟಿಯ ಸಾಕ್ಷಿಯಂತೆ ಎತ್ತಿ ಹೇಳಿದಾಗ ಕಸಿವಿಸಿಗೊಂಡವನೂ ಅವನೇ. ತನ್ನ ಸಿದ್ಧಾಂತ ನಾಳೆ ತಪ್ಪಾದರೆ ದೇವರೂ ತಪ್ಪಾಗಬೇಕೇ? ಸಮೀಕರಣ ಬೇರೆ, ಪ್ರಾರ್ಥನೆ ಬೇರೆ. ಎರಡನ್ನೂ ಒಬ್ಬನೇ ಮನುಷ್ಯ ಪ್ರಾಮಾಣಿಕವಾಗಿ ಮಾಡಬಹುದು. ಹುಡುಗರಿಗೆ ಎಷ್ಟು ತಿಳಿಯಿತೋ. ಪರೀಕ್ಷೆಗೆ ಬರುವುದಿಲ್ಲ ಎಂದು ಗೊತ್ತಾದ ಕೂಡಲೇ ಅರ್ಧ ಜನ ಕಿಟಕಿ ನೋಡುತ್ತಿದ್ದರು.

ಇದೆಲ್ಲ ಹೇಳಿಕೊಡುವುದು ಸುಲಭ. ಹೆಂಡತಿಗೆ ಕ್ಯಾನ್ಸರ್ ಎಂದು ವೈದ್ಯರು ಹೇಳಿದ ಮೇಲೆ ಬದುಕು ಆಸ್ಪತ್ರೆ, ಬಸ್‌ಸ್ಟ್ಯಾಂಡು, ಸಾಲ ಇಷ್ಟರಲ್ಲೇ ಸುತ್ತತೊಡಗಿತು. ಮನೆಗೆ ಬಂದವರೆಲ್ಲ ಪ್ರಾರ್ಥನೆ ಮಾಡಿದರು, ಒಳ್ಳೆಯ ಮನಸ್ಸಿನಿಂದಲೇ. ಒಬ್ಬ ಬೋಧಕ ಮಾತ್ರ ಹಾಸಿಗೆಯ ಪಕ್ಕದಲ್ಲಿ ಕೂತು, ಮನೆಯಲ್ಲಿ ಅರಿಕೆ ಮಾಡದ ಪಾಪವಿದೆ, ಅದಕ್ಕೇ ಗುಣವಾಗುತ್ತಿಲ್ಲ ಎಂದ. ಆಕೆ ಕೇಳಿಸಿಕೊಂಡಳು. ರಾತ್ರಿ ಗಂಡನನ್ನು ಕರೆದು, ಮದುವೆಗೆ ಮುಂಚೆ ತಾನು ಮಾಡಿದ್ದ ಸಣ್ಣಪುಟ್ಟ ತಪ್ಪುಗಳನ್ನೆಲ್ಲ ಎಣಿಸತೊಡಗಿದಳು: ಅವ್ವನ ಸೆರಗಿನ ಗಂಟಿನಿಂದ ಕದ್ದ ನಾಲ್ಕಾಣೆ, ಅಕ್ಕನ ಮೇಲಿನ ಹೊಟ್ಟೆಕಿಚ್ಚು. ಮಾಸ್ತರರಿಗೆ ಜೀವನದಲ್ಲಿ ಅಷ್ಟು ಸಿಟ್ಟು ಬಂದದ್ದು ಅದೊಂದೇ ಸಲ.

ಬರಗಾಲದ ಕಟ್ಟೆಯ ಪ್ರಶ್ನೆ ಮನೆಯೊಳಗೇ ಬಂದು ಕೂತಿತ್ತು. ಅವರು ಯೋಬನನ್ನು ಮತ್ತೆ ತೆಗೆದರು, ಈ ಸಲ ಹೆಂಡತಿಗೆ ಓದಿ ಹೇಳಲು. ಗೆಳೆಯರ ವಾದವನ್ನೆಲ್ಲ ಹಾರಿಸಿ ನೇರವಾಗಿ ಪ್ರಾಣಿಗಳ ಭಾಗಕ್ಕೆ ಹೋದರು: ಪಟ್ಟಣದ ಗದ್ದಲ ಕಂಡು ನಗುವ ಕಾಡುಕತ್ತೆ, ಮೊಟ್ಟೆಯನ್ನು ನೆಲದಲ್ಲೇ ಬಿಟ್ಟು ಓಡುವ ಉಷ್ಟ್ರಪಕ್ಷಿ. ಆಕೆ ನಕ್ಕಳು. ಗ್ರಂಥದ ಕೊನೆಗೆ ದೇವರು ಸಿಟ್ಟಾಗುವುದು ಪ್ರಶ್ನೆ ಕೇಳಿದ ಯೋಬನ ಮೇಲಲ್ಲ, ಪಾಪದ ಲೆಕ್ಕ ಹೇಳಿದ ಗೆಳೆಯರ ಮೇಲೆ ಎಂಬುದನ್ನು ಎರಡು ಸಲ ಓದಿಸಿಕೊಂಡಳು. ಇನ್ನೊಂದು ದಿನ ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯ. ಹುಟ್ಟುಕುರುಡನನ್ನು ತೋರಿಸಿ ಶಿಷ್ಯರು ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ ಎಂದು ಕೇಳುತ್ತಾರೆ. ಇವನೂ ಅಲ್ಲ, ಅವರೂ ಅಲ್ಲ ಎನ್ನುತ್ತಾನೆ ಯೇಸು. ಉಗುಳಿನಿಂದ ಮಣ್ಣು ಕಲಸಿ ಕಣ್ಣಿಗೆ ಹಚ್ಚುತ್ತಾನೆ. ಎರಡನೆಯ ಶತಮಾನದ ಇರೆನೇಯಸ್ ಎಂಬ ಧರ್ಮಾಧ್ಯಕ್ಷ ಈ ಮಣ್ಣನ್ನು ಆದಿಕಾಂಡದ ಮಣ್ಣಿಗೆ ಜೋಡಿಸಿ ಬರೆದಿದ್ದಾನೆ: ಮೊದಲು ಮಣ್ಣಿನಿಂದ ಮಾಡಿದ ಕೈಯೇ ಬಾಕಿ ಉಳಿದದ್ದನ್ನು ಪೂರ್ತಿ ಮಾಡುತ್ತಿದೆ ಎಂದು. ಮಾಸ್ತರರಿಗೆ ಇರೆನೇಯಸ್ ಗೊತ್ತಾದದ್ದು ಬಹಳ ತಡವಾಗಿ. ಅಜ್ಜಿಗೆ ಅವನ ಹೆಸರೇ ಗೊತ್ತಿರಲಿಲ್ಲ.

ಆಕೆ ಗುಣವಾಗಲಿಲ್ಲ. ಆದರೆ ಆ ಎಣಿಕೆ ನಿಲ್ಲಿಸಿದ್ದಳು.

ಆಕೆ ತೀರಿಕೊಂಡ ವರ್ಷ ಸಹೋದ್ಯೋಗಿಯೊಬ್ಬರು ಅವರನ್ನು ಬೈಲಹೊಂಗಲ ತಾಲೂಕಿನ ದೇಶನೂರಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಯೇಸುಸಭೆಯ ಕಥೋಲಿಕ ಸ್ವಾಮಿಗಳು ಕಟ್ಟಿದ ಸ್ನಾನಿಕ ಅರುಳಪ್ಪನವರ (ಸ್ನಾನಿಕ ಯೋಹಾನನ) ವಿರಕ್ತಮಠವಿದೆ. ಹೆಸರಿಗೆ ತಕ್ಕಂತೆ ಮಠದ ರೀತಿ, ಕಾವಿ ಉಟ್ಟ ಪಾದ್ರಿಗಳು, ಕನ್ನಡದ ಪೂಜೆ. ಮೆಥೊಡಿಸ್ಟ್ ಮನೆಯಲ್ಲಿ ಬೆಳೆದವರಿಗೆ ಇದು ಸ್ವಲ್ಪ ಅತಿಯೆನಿಸಿತು. ಈಗಲೂ ಅವರು ಪೂರ್ತಿ ಒಪ್ಪಿಲ್ಲ. ಹೊರಗೆ ಕೂತಿದ್ದ ಲಿಂಗಾಯತ ಮುದುಕನೊಬ್ಬ ಮಾತ್ರ ಯಾವ ಊರು ಎಂದು ಕೇಳಿ, ಮುರಗೋಡದ ಮಹಾಂತಜ್ಜನ ಸುದ್ದಿ ತೆಗೆದು, ಮಳೆಬೆಳೆಯ ಮಾತಿಗೆ ಬಂದ. ಇಬ್ಬರೂ ಕಡಲೆಗೆ ಬಿದ್ದ ಕೀಡೆಯ ಬಗ್ಗೆ ಬಹಳ ಹೊತ್ತು ಮಾತಾಡಿದರು. ಹೆಂಡತಿ ಹೋದ ಮೇಲೆ ಯಾರೂ ಅವರನ್ನು ಸಮಾಧಾನ ಮಾಡದೆ ಮಾತಾಡಿಸಿದ್ದು ಅದೇ ಮೊದಲು.

2019ರ ಆಗಸ್ಟ್‌ನಲ್ಲಿ ನೀರು ಬಂತು. ಬರದ ವರ್ಷ ಬತ್ತಿ ನಿಂತಿದ್ದ ಅದೇ ಮಲಪ್ರಭೆ. ನದಿ ಹುಟ್ಟುವ ಕಣಕುಂಬಿಯ ಮೇಲೆ ಸುರಿದ ಮಳೆಗೆ ನವಿಲುತೀರ್ಥದ ಜಲಾಶಯ ತುಂಬಿ, ಬಿಟ್ಟ ನೀರು ರಾಮದುರ್ಗದ ಕೆಳಭಾಗವನ್ನೂ ನದಿದಂಡೆಯ ಹಳ್ಳಿಗಳನ್ನೂ ಹೊಕ್ಕಿತು. ಮಣ್ಣಿನ ಗೋಡೆಗಳು ಕುಸಿದವು. ಕಬ್ಬು, ಗೋವಿನಜೋಳ ಕೊಳೆತವು. ರಾಮದುರ್ಗದ ಕಡೆ ಸಂಬಂಧಿಕರಿದ್ದ ಮಾಸ್ತರರು ನೀರು ಇಳಿದ ಮೇಲೆ ಅಲ್ಲಿಗೆ ಹೋದರು. ಗಂಜಿಕೇಂದ್ರದಲ್ಲಿ ಮಠದವರ ಅನ್ನ, ಮಸೀದಿಯವರ ಹಾಸಿಗೆ, ಚರ್ಚಿನವರ ಬಟ್ಟೆ, ಎಲ್ಲ ಒಂದೇ ಜಮಖಾನೆಯ ಮೇಲೆ. ಅಲ್ಲೂ ಆ ಹಳೆಯ ಪ್ರಶ್ನೆ ಎದ್ದಿತ್ತು. ಮೊಬೈಲಿನಲ್ಲಿ ಯಾರೋ ಕಳಿಸಿದ ಭಾಷಣವೊಂದು ಅಂತ್ಯಕಾಲ, ದೇವರ ಕೋಪ ಎಂದೆಲ್ಲ ಕೂಗುತ್ತಿತ್ತು. ಮಾಸ್ತರರು ಅದನ್ನು ಬಂದ್ ಮಾಡಿಸಿದರು. ಮಳೆ ಸುರಿಸಿದವನನ್ನು ನಾವು ಬೇಕಾದರೆ ಬೈಯಬಹುದು, ಯೋಬನೂ ಬೈದಿದ್ದಾನೆ ಎಂದರು. ಅಣೆಕಟ್ಟಿನಿಂದ ಯಾವಾಗ ಎಷ್ಟು ನೀರು ಬಿಟ್ಟರು ಎಂಬುದಕ್ಕೆ ರಜಿಸ್ಟರು ಇರುತ್ತದೆ, ಅದನ್ನು ದೇವರ ಹತ್ತಿರ ಕೇಳಬೇಡಿ, ಆಫೀಸಿನಲ್ಲಿ ಕೇಳಿ ಎಂದೂ ಸೇರಿಸಿದರು.

ಪೂರ್ತಿ ಬಿದ್ದ ಮನೆಗೆ 5 ಲಕ್ಷ, ತುರ್ತಿಗೆ 10,000 ರೂಪಾಯಿ ಎಂದು ಸರ್ಕಾರ ಹೇಳಿತ್ತು. ಅರ್ಜಿ ಬರೆಯಲು ಬಾರದವರು ಸಾಲುಗಟ್ಟಿದರು. ಮಾಸ್ತರರು ಒಂದು ಕುರ್ಚಿ ತರಿಸಿಕೊಂಡು ಕೂತರು. ಮನೆ ಕಳೆದುಕೊಂಡ ಅವ್ವನೊಬ್ಬಳು ಹೆಬ್ಬೆಟ್ಟು ಒತ್ತುವ ಮುಂಚೆ ಏನು ಬರೆದಿರಿ, ಓದಿ ಹೇಳ್ರಿ ಎಂದಳು. ಮನೆ ಬೀಳಲು ಕಾರಣ ಎಂಬಲ್ಲಿಗೆ ಬಂದಾಗ ತಡೆದಳು.

“ದೇವರ ಸಿಟ್ಟು ಅಂತ ಬರೀರಿ ಮಾಸ್ತರ.”

“ಮಲಪ್ರಭಾ ನದಿಯ ನೀರು ಅಂತ ಬರದೀನಿ ಯವ್ವಾ. ಹಿತ್ತಲ ಗ್ವಾಡಿ ಬಿದ್ದದ್ದು ಪೂರ್ತಿನೋ, ಅರ್ಧಾನೋ?”